ತಳಕಲ್‌ನ ಚಿಗರಿ ಯಾರ ಸುಪರ್ದಿಗೆ? ವನ್ಯಜೀವಿ ಕಾನೂನು ಮತ್ತು ಅದನ್ನು ನಡೆಸುವ ಕಚೇರಿಗಳು

ಗದಗದಿಂದ ಕೊಪ್ಪಳಕ್ಕೆ ರೈಲಿನಲ್ಲಿ ಹೋಗುವವರಿಗೆ ತಳಕಲ್ ನಿಲ್ದಾಣದ ಆಚೀಚೆ ಕಾಡು ಕಾಣುವುದಿಲ್ಲ. ಕಾಣುವುದು ಎರೆ ಹೊಲ, ಹಿಂಗಾರಿಯ ಕಡಲೆ, ಜೋಳ, ನಡುನಡುವೆ ಕುರುಚಲು ಬೆಳೆದ ಬೀಳು ನೆಲ, ದೂರದಲ್ಲಿ ತಿರುಗುವ ಗಾಳಿಯಂತ್ರಗಳು. ಆದರೂ ಕುಕನೂರು, ಯಲಬುರ್ಗಾ ಸೀಮೆಯ ಈ ಬಯಲು ಕಾಡುಪ್ರಾಣಿಗಳ ಮನೆಯೇ. ಪುಸ್ತಕದಲ್ಲಿ ಕೃಷ್ಣಮೃಗ ಎಂದಿರುವ ಪ್ರಾಣಿಯನ್ನು ಇಲ್ಲಿಯ ಜನ ಚಿಗರಿ ಎನ್ನುತ್ತಾರೆ. ತಹಶೀಲ್ದಾರರಿಗೆ ಕೊಡುವ ಮನವಿಯಲ್ಲಿ ಮಾತ್ರ ಅದು ಜಿಂಕೆಯಾಗುತ್ತದೆ. ಬಿತ್ತಿದ ಹೆಸರು, ಕಡಲೆ ಮೊಳಕೆಯೊಡೆದ ವಾರದಲ್ಲಿ ಹಿಂಡು ಇಳಿದರೆ ರೈತನ ಒಂದು ಹಂಗಾಮೇ ಹೋಗುತ್ತದೆ. ಅದೇ ಚಿಗರಿ ಬೀದಿನಾಯಿಗಳ ಬಾಯಿಗೆ ಸಿಕ್ಕಾಗ, ಕಟ್ಟೆ ಇಲ್ಲದ ಬಾವಿಗೆ ಬಿದ್ದಾಗ ಊರವರೇ ಹಗ್ಗ ಹಿಡಿದು ಇಳಿಯುತ್ತಾರೆ.

ಕೊಲ್ಲುವ ಮಾತು ಜೈನ ಮನೆಗಳಲ್ಲಿ ಏಳುವುದಿಲ್ಲ. ಏಳುವ ಪ್ರಶ್ನೆ ಬೇರೆ: ಬೆಳೆ ಹೋದರೆ ಯಾರಿಗೆ ಹೇಳಬೇಕು? ಗಾಯಗೊಂಡ ಪ್ರಾಣಿಯನ್ನು ಯಾರಿಗೆ ಒಪ್ಪಿಸಬೇಕು? ಹಿಂಡು ಮೇಯುವ ಬೀಳು ನೆಲವನ್ನು ಯಾರೋ ಅಗೆಯತೊಡಗಿದರೆ ತಡೆಯುವ ಅಧಿಕಾರ ಯಾರದು? ಈ ಮೂರಕ್ಕೂ ಉತ್ತರ ಒಂದೇ ಕಚೇರಿಯಲ್ಲಿಲ್ಲ. ಕಾನೂನಿನ ಪ್ರಕಾರ ಪ್ರಾಣಿಯನ್ನು ನೋಡಿಕೊಳ್ಳುವುದು ಒಂದು ಇಲಾಖೆ. ಅದು ನಿಂತಿರುವ ನೆಲ ಬಹುತೇಕ ಇನ್ನೊಬ್ಬರದು. ಈ ಒಡಕು ತಿಳಿಯದೆ ಕೊಟ್ಟ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತಿರುಗುತ್ತಲೇ ಇರುತ್ತದೆ.

ಪ್ರಾಣಿಯ ಹೊಣೆ

ಮೂಲ ಕಾನೂನು 1972 ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆ. 2022 ರ ತಿದ್ದುಪಡಿಯಲ್ಲಿ ಇದರ ಆರು ಅನುಸೂಚಿಗಳು ನಾಲ್ಕಕ್ಕೆ ಇಳಿದವು. 2023 ರ ಏಪ್ರಿಲ್ 1 ರಿಂದ ಹೊಸ ಪಟ್ಟಿ ಜಾರಿಯಲ್ಲಿದೆ. ಚಿಗರಿ, ತೋಳ, ಕರಡಿ, ಚಿರತೆ, ನೀರುನಾಯಿ, ನವಿಲು ಇವೆಲ್ಲ ಮೊದಲನೇ ಅನುಸೂಚಿಯವು, ಅಂದರೆ ಅತಿ ಹೆಚ್ಚಿನ ರಕ್ಷಣೆ ಪಡೆದವು. ಇವನ್ನು ಬೇಟೆಯಾಡಿದ್ದು ಸಾಬೀತಾದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ‘ಬೇಟೆ’ ಎಂಬ ಪದದ ಅರ್ಥವೂ ದೊಡ್ಡದು. ಉರುಳು ಹಾಕುವುದು, ವಿಷವಿಡುವುದು, ಹಿಡಿಯುವುದು, ಅಟ್ಟುವುದು, ದೇಹದ ಭಾಗ ಕೀಳುವುದು, ಕೊನೆಗೆ ಅದಕ್ಕೆ ಯತ್ನಿಸುವುದೂ ಬೇಟೆಯೇ.

ಈ ಕಾಯ್ದೆ ನಡೆಸುವುದು ರಾಜ್ಯದ ಅರಣ್ಯ ಇಲಾಖೆ. ಜನರಿಗೆ ಮೊದಲು ಸಿಗುವವರು ವಲಯ ಅರಣ್ಯಾಧಿಕಾರಿ, ಅವರ ಕೆಳಗಿನ ಉಪ ವಲಯ ಅರಣ್ಯಾಧಿಕಾರಿ ಮತ್ತು ಗಸ್ತು ಸಿಬ್ಬಂದಿ. ಜಿಲ್ಲೆಯ ಮಟ್ಟದಲ್ಲಿ ಕೊಪ್ಪಳದ ಉಪ ಅರಣ್ಯ ಸಂರಕ್ಷಣಾಧಿಕಾರಿ, ಜನರ ಬಾಯಲ್ಲಿ ಡಿಸಿಎಫ್. ಎಲ್ಲರ ಮೇಲೆ ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದಲ್ಲಿರುವ ಮುಖ್ಯ ವನ್ಯಜೀವಿ ಪರಿಪಾಲಕರು. ಈ ಕೊನೆಯ ಹುದ್ದೆಯನ್ನು ಕಾಯ್ದೆಯೇ ಹೆಸರಿಸಿ ಸೃಷ್ಟಿಸಿದೆ, ದೊಡ್ಡ ನಿರ್ಧಾರಗಳೆಲ್ಲ ಅಲ್ಲೇ ಆಗಬೇಕು.

‘ಚಿಗರಿಗಳನ್ನು ಹಿಡಿದು ಬೇರೆಡೆ ಬಿಡಿ’ ಎಂಬ ಬೇಡಿಕೆ ಪ್ರತಿ ವರ್ಷ ಏಳುತ್ತದೆ. ವಲಯ ಅರಣ್ಯಾಧಿಕಾರಿಗೆ ಮನಸ್ಸಿದ್ದರೂ ಅದು ಅವರ ಕೈಯಲ್ಲಿಲ್ಲ. ಮೊದಲನೇ ಅನುಸೂಚಿಯ ಪ್ರಾಣಿ ಮನುಷ್ಯನ ಪ್ರಾಣಕ್ಕೆ ಅಪಾಯ ತಂದಾಗ, ಅಥವಾ ಗುಣವಾಗದಷ್ಟು ಗಾಯ, ರೋಗಕ್ಕೆ ತುತ್ತಾದಾಗ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಸೆಕ್ಷನ್ 11 ರ ಅಡಿ ಬೇಟೆಗೆ ಅನುಮತಿ ಕೊಡಬಹುದು. ಬೆಳೆ ತಿಂದಿತು ಎಂಬ ಕಾರಣ ಎರಡನೇ ಅನುಸೂಚಿಯ ಪ್ರಾಣಿಗಳಿಗೆ ಅನ್ವಯಿಸುತ್ತದೆ, ಚಿಗರಿಗೆ ಇಲ್ಲ. ಹಿಡಿದು ಸೂಕ್ತವಾದ ಬೇರೆ ನೆಲೆಗೆ ಸಾಗಿಸುವುದಕ್ಕೆ ಸೆಕ್ಷನ್ 12 ರಲ್ಲಿ ದಾರಿಯಿದೆ. ಆದರೆ ಮೊದಲನೇ ಅನುಸೂಚಿಯ ಪ್ರಾಣಿಯಾದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ತಾಲ್ಲೂಕು ಕಚೇರಿಯ ಮುಂದೆ ಕೂಗಿದ ಘೋಷಣೆಗೆ ಉತ್ತರ ಬೆಂಗಳೂರು ದಾಟಿ ದೆಹಲಿಯಿಂದ ಬರಬೇಕಾದ ವಿಷಯ ಇದು.

ಹಾಗೆಂದು ರೈತ ಬರಿಗೈಯಲ್ಲಿ ಹೋಗಬೇಕಿಲ್ಲ. ಕಾಡುಪ್ರಾಣಿಯಿಂದ ಬೆಳೆ, ಜಾನುವಾರು ಅಥವಾ ಜೀವ ಹಾನಿಯಾದರೆ ಪರಿಹಾರ ಕೊಡುವುದು ಅರಣ್ಯ ಇಲಾಖೆಯೇ. ಕಂದಾಯ ಇಲಾಖೆ ಅಲ್ಲ, ಕೃಷಿ ಇಲಾಖೆಯೂ ಅಲ್ಲ. ಹಾನಿ ಕಂಡ ಕೂಡಲೇ ತಿಳಿಸಿದರೆ ಸಿಬ್ಬಂದಿ ಬಂದು ಸ್ಥಳ ನೋಡಿ ಪಂಚನಾಮೆ ಮಾಡುತ್ತಾರೆ. ಪಹಣಿ, ಬ್ಯಾಂಕ್ ಪಾಸ್‌ಬುಕ್, ಹೊಲದ ಚಿತ್ರ ಬೇಕಾಗುತ್ತವೆ. ಅರ್ಜಿ ‘ಇ-ಪರಿಹಾರ’ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ತಡವಾದರೆ ಮೇಯ್ದದ್ದು ಚಿಗರಿಯೋ ಊರಿನ ದನವೋ ಎಂದು ಗುರುತಿಸುವುದು ಕಷ್ಟ. ಸಿಗುವ ಹಣ ಹೋದ ಬೆಳೆಗೆ ಸಮನಾಗುವುದು ಅಪರೂಪ ಎಂಬುದು ರೈತರ ಹಳೆಯ ದೂರು, ಅದು ನ್ಯಾಯವಾದ ದೂರೇ. ಆದರೆ ಅರ್ಜಿಯೇ ಇಲ್ಲದಿದ್ದರೆ ಆ ಊರಿನಲ್ಲಿ ಹಾನಿ ಆಗಿದೆ ಎಂಬ ದಾಖಲೆಯೂ ಇರುವುದಿಲ್ಲ. ಮುಂದೆ ಯಾವ ಯೋಜನೆ ಬರಬೇಕಾದರೂ ಆ ದಾಖಲೆ ಬೇಕು. ತೋಳ ಕುರಿಯನ್ನು ಒಯ್ದಾಗ ಕುರಿಗಾಹಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ನೆಲವನ್ನು ಕಾಯುವವರು

ನೆಲವನ್ನು ವನ್ಯಜೀವಿಗಳಿಗೆಂದು ಮೀಸಲಿಡುವ ಅಧಿಕಾರ ರಾಜ್ಯ ಸರ್ಕಾರದ್ದು. ಅದಕ್ಕೆ ಸಲಹೆ ಕೊಡಲು ಮುಖ್ಯಮಂತ್ರಿಗಳ ಅಧ್ಯಕ್ಷತೆಯ ರಾಜ್ಯ ವನ್ಯಜೀವಿ ಮಂಡಳಿ ಇದೆ. ಕೇಂದ್ರದಲ್ಲಿ ಪ್ರಧಾನಮಂತ್ರಿಗಳ ಅಧ್ಯಕ್ಷತೆಯ ರಾಷ್ಟ್ರೀಯ ವನ್ಯಜೀವಿ ಮಂಡಳಿ. ಈ ಪೂರ್ಣ ಮಂಡಳಿ ಸೇರುವುದು ಅಪರೂಪ. ದಿನನಿತ್ಯದ ಕಡತಗಳನ್ನು ನೋಡುವುದು ಪರಿಸರ ಸಚಿವರ ನೇತೃತ್ವದ ಅದರ ಸ್ಥಾಯಿ ಸಮಿತಿ. ಒಮ್ಮೆ ಅಭಯಾರಣ್ಯವೆಂದು ಘೋಷಿಸಿದ ಮೇಲೆ ಅದರ ಗಡಿಯನ್ನು ಬದಲಿಸಲು ರಾಷ್ಟ್ರೀಯ ಮಂಡಳಿಯ ಶಿಫಾರಸು ಬೇಕು. ಆದ್ದರಿಂದ ಒಂದು ತುಂಡು ನೆಲಕ್ಕೆ ‘ಅಭಯಾರಣ್ಯ’ ಎಂಬ ಹೆಸರು ಬೀಳುವುದಕ್ಕೆ ಬಹಳ ಬೆಲೆಯಿದೆ.

ಕೊಪ್ಪಳ ಜಿಲ್ಲೆಯಲ್ಲಿ ಇದಕ್ಕೆ ಹೊಸ ಉದಾಹರಣೆ ಗಂಗಾವತಿ ತಾಲ್ಲೂಕಿನ ಬಂಕಾಪುರ ತೋಳ ವನ್ಯಧಾಮ. ಸುಮಾರು 332 ಹೆಕ್ಟೇರಿನ ಗುಡ್ಡ, ಕುರುಚಲು, ಹುಲ್ಲುನೆಲ. ಜಾರ್ಖಂಡದ ಮಹುವಾಡಾಂಡ್ ನಂತರ ತೋಳಗಳಿಗೆಂದೇ ಮೀಸಲಾದ ದೇಶದ ಎರಡನೆಯ ತಾಣ ಎಂದು ಇದನ್ನು ಹೇಳುತ್ತಾರೆ. 2025 ರ ಮೇ ತಿಂಗಳಲ್ಲಿ ಇಲ್ಲಿಯ ತೋಳವೊಂದು ಎಂಟು ಮರಿ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಬಂಕಾಪುರ ಎಂದ ತಕ್ಷಣ ಜೈನ ಓದುಗರಿಗೆ ಹೊಳೆಯುವುದು ಹಾವೇರಿ ಜಿಲ್ಲೆಯ ಬಂಕಾಪುರ, ಅಜಿತಸೇನ ಆಚಾರ್ಯರ ನೆಲೆ, ಗಂಗ ದೊರೆ ಮಾರಸಿಂಹ ಸಲ್ಲೇಖನ ಕೈಗೊಂಡ ಸ್ಥಳ. ಅದು ಬೇರೆ ಊರು. ಕಾಕತಾಳೀಯವೆಂಬಂತೆ ಅಲ್ಲಿಯ ಕೋಟೆಯೊಳಗೂ ಒಂದು ನವಿಲುಧಾಮವಿದೆ. ಎರಡು ಬಂಕಾಪುರಗಳೂ ಈಗ ಅರಣ್ಯ ಇಲಾಖೆಯ ಪಟ್ಟಿಯಲ್ಲಿರುವುದರಿಂದ ಸುದ್ದಿ ಓದುವಾಗ ಜಿಲ್ಲೆಯ ಹೆಸರು ನೋಡಿಕೊಳ್ಳುವುದು ಒಳ್ಳೆಯದು.

ಅಭಯಾರಣ್ಯಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಸಂರಕ್ಷಣಾ ಮೀಸಲು. ಸರ್ಕಾರದ ಒಡೆತನದ ನೆಲವನ್ನು ಸ್ಥಳೀಯರ ಜೊತೆ ಸಮಾಲೋಚಿಸಿ ಸೆಕ್ಷನ್ 36ಎ ಅಡಿ ಘೋಷಿಸುತ್ತಾರೆ. ಇದರ ನಿರ್ವಹಣಾ ಸಮಿತಿಯಲ್ಲಿ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯ ಒಬ್ಬ ಪ್ರತಿನಿಧಿಗೆ ಸ್ಥಾನವಿದೆ. 2015 ರಲ್ಲಿ ತುಂಗಭದ್ರಾ ನದಿಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹರಿವನ್ನು ಹೀಗೆ ನೀರುನಾಯಿಗಳಿಗಾಗಿ ಮೀಸಲಿಡಲಾಯಿತು. ಗಂಗಾವತಿ, ಆನೆಗೊಂದಿ ಭಾಗದ ಜನ ದಿನವೂ ನೋಡುವ ಹೊಳೆ ಅದು. ಹೊಳೆಯಾಚೆ, ಇಂದಿನ ವಿಜಯನಗರ ಜಿಲ್ಲೆಯಲ್ಲಿ, 1994 ರಿಂದ ದರೋಜಿ ಕರಡಿಧಾಮವಿದೆ.

ಈ ಎರಡು ಮೆಟ್ಟಿಲುಗಳ ನಡುವಿನ ವ್ಯತ್ಯಾಸ ಏನೆಂದು ತೋರಿಸಿಕೊಟ್ಟದ್ದು ತಳಕಲ್‌ಗೆ ನೆರೆಯ ಗದಗ ಜಿಲ್ಲೆಯ ಕಪ್ಪತಗುಡ್ಡ. ಔಷಧಿ ಸಸ್ಯಗಳಿಗೆ ಹೆಸರಾದ, ಚಿನ್ನ ಮತ್ತು ಕಬ್ಬಿಣದ ಅದಿರಿಗೂ ಹೆಸರಾದ ಈ ಗುಡ್ಡಸಾಲನ್ನು 2015 ರ ಕೊನೆಗೆ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಒಂದು ವರ್ಷ ತುಂಬುವ ಮೊದಲೇ, 2016 ರ ನವೆಂಬರ್‌ನಲ್ಲಿ, ಆ ಆದೇಶವನ್ನು ಸರ್ಕಾರ ಹಿಂತೆಗೆದುಕೊಂಡಿತು. ಗದಗದ ತೋಂಟದಾರ್ಯ ಮಠದ ಆಗಿನ ಪೀಠಾಧಿಪತಿ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ 2017 ರ ಫೆಬ್ರುವರಿಯಲ್ಲಿ ಜನ ಧರಣಿ ಕುಳಿತರು. ಏಪ್ರಿಲ್ ಹೊತ್ತಿಗೆ ಮೀಸಲು ಸ್ಥಾನ ಮರಳಿತು. 2019 ರಲ್ಲಿ 244.15 ಚದರ ಕಿಲೋಮೀಟರ್ ಪ್ರದೇಶ ಅಭಯಾರಣ್ಯವಾಯಿತು. ಮೀಸಲು ಮಾತ್ರವಾಗಿದ್ದಾಗ ರಾಜ್ಯ ಸರ್ಕಾರದ ಒಂದು ಆದೇಶದಲ್ಲಿ ಅಳಿಸಬಹುದಾಗಿದ್ದ ಗಡಿಯನ್ನು ಈಗ ಕದಲಿಸಬೇಕಾದರೆ ರಾಷ್ಟ್ರೀಯ ಮಂಡಳಿಯವರೆಗೆ ಹೋಗಬೇಕು. ಧರಣಿ ಕುಳಿತವರಿಗೆ ಸೆಕ್ಷನ್ ಸಂಖ್ಯೆಗಳು ತಿಳಿದಿದ್ದವೋ ಇಲ್ಲವೋ, ಅವರು ಗಳಿಸಿಕೊಟ್ಟದ್ದು ಇದನ್ನೇ.

ಯಾವ ಹೆಸರೂ ಬೀಳದ ಬಯಲು

ತಳಕಲ್ ಸುತ್ತಿನ ಚಿಗರಿಗಳು ಇರುವುದು ಅಭಯಾರಣ್ಯದಲ್ಲೂ ಅಲ್ಲ, ಮೀಸಲಿನಲ್ಲೂ ಅಲ್ಲ. ಪಟ್ಟಾ ಹೊಲಗಳಲ್ಲಿ, ಗಾಯರಾಣದಲ್ಲಿ, ಹಳ್ಳದ ದಂಡೆಯಲ್ಲಿ, ರೈಲು ಹಳಿಯ ಪಕ್ಕದ ಪಟ್ಟಿಯಲ್ಲಿ. ಪಟ್ಟಾ ಹೊಲ ರೈತನದು. ಗಾಯರಾಣ ಕಂದಾಯ ಇಲಾಖೆಯದು, ಅದರ ಮೇಲಿನ ನಿರ್ಧಾರ ಜಿಲ್ಲಾಧಿಕಾರಿಯದು. ಸರ್ಕಾರಿ ಕಡತದಲ್ಲಿ ಇಂಥ ಹುಲ್ಲುನೆಲಕ್ಕೆ ಬೀಳುವ ಹೆಸರು ‘ಬಂಜರು’, ‘ಪಾಳು’. ಮರ ಇಲ್ಲದಿದ್ದರೆ ಜೀವವೂ ಇಲ್ಲ ಎಂಬ ಹಳೆಯ ಲೆಕ್ಕ ಅದು. ಚಿಗರಿ, ತೋಳ, ನರಿ, ಮೊಲ, ಗೌಜಲ ಹಕ್ಕಿಗೆ ಆ ‘ಬಂಜರೇ’ ಮನೆ.

ಯೋಜನೆಗಳಿಗೆ ಅನುಮತಿ ಕೊಡುವ ವ್ಯವಸ್ಥೆಯಲ್ಲೂ ಈ ಲೆಕ್ಕವೇ ಕೆಲಸ ಮಾಡುತ್ತದೆ. ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ 1980 ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಪರಿಸರ, ಅರಣ್ಯ ಮತ್ತು ಹವಾಮಾನ ಬದಲಾವಣೆ ಸಚಿವಾಲಯದ ಒಪ್ಪಿಗೆ ಬೇಕು. ಅಭಯಾರಣ್ಯದೊಳಗೆ ಆಗಬೇಕಾದ ಕೆಲಸ ವನ್ಯಜೀವಿ ಮಂಡಳಿಗಳ ಮುಂದೆ ಹೋಗಬೇಕು. ಗಣಿ, ಉಕ್ಕು, ಸಿಮೆಂಟ್ ಕಾರ್ಖಾನೆಗಳಿಗೆ 2006 ರ ಅಧಿಸೂಚನೆಯಂತೆ ಪರಿಸರ ಅನುಮತಿ ಬೇಕು. ಗಾತ್ರ ನೋಡಿ ಅದನ್ನು ಕೇಂದ್ರ ಸಚಿವಾಲಯವೋ ರಾಜ್ಯ ಮಟ್ಟದ ಪರಿಸರ ಪರಿಣಾಮ ಅಂದಾಜು ಪ್ರಾಧಿಕಾರವೋ ಕೊಡುತ್ತದೆ. ಸಾರ್ವಜನಿಕ ಅಹವಾಲು ಸಭೆ ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಆದರೆ ಅದೇ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಮಾರ್ಗವಿಲ್ಲ, ಗಾಳಿ ವಿದ್ಯುತ್ ಇಲ್ಲ. ಸೌರ ವಿದ್ಯುತ್ ಘಟಕಕ್ಕೂ ವಿನಾಯಿತಿ ಇದೆ.

ಯಲಬುರ್ಗಾ, ಕುಷ್ಟಗಿ, ಗದಗ ಭಾಗದ ಬಯಲಿಗೆ ಈ ಮೂರೂ ಒಟ್ಟಿಗೆ ಬಂದಿವೆ. ತಳಕಲ್‌ನಿಂದ ಹೊರಡುವ ಗದಗ-ವಾಡಿ ರೈಲು ಮಾರ್ಗದಲ್ಲಿ ಕುಷ್ಟಗಿಯವರೆಗಿನ ಭಾಗ 2025 ರ ಮೇ 15 ರಂದು ಉದ್ಘಾಟನೆಯಾಯಿತು. ದಶಕಗಳ ಬೇಡಿಕೆ ಈಡೇರಿದ ಸಂತೋಷ ನಿಜವಾದದ್ದು. ಕುಷ್ಟಗಿಯ ವಿದ್ಯಾರ್ಥಿ, ವ್ಯಾಪಾರಿ ಇಬ್ಬರಿಗೂ ಅದರಿಂದ ಅನುಕೂಲವಾಗಿದೆ. ಗಾಳಿಯಂತ್ರದ ಬಾಡಿಗೆ ಒಣಬೇಸಾಯದ ರೈತನಿಗೆ ಆಸರೆಯೂ ಹೌದು. ಇಷ್ಟಾದರೂ, ಈ ಬಯಲಿನಲ್ಲಿ ಹಿಂಡುಗಳು ಎಲ್ಲಿ ದಾಟುತ್ತವೆ, ತೋಳ ಎಲ್ಲಿ ಮರಿ ಹಾಕುತ್ತದೆ ಎಂದು ಕೇಳಲೇಬೇಕಾದ ಕಚೇರಿ ಕಾನೂನಿನಲ್ಲಿ ಯಾವುದೂ ಇಲ್ಲ. ಒಂದು ಚಿಗರಿಯನ್ನು ಕೊಂದವನಿಗೆ ಮೂರು ವರ್ಷ ಸೆರೆಮನೆ. ನೂರು ಚಿಗರಿ ಮೇಯುವ ಹುಲ್ಲುನೆಲವನ್ನು ನಿಯಮದಂತೆ ಪರಿವರ್ತಿಸಿಕೊಂಡವನಿಗೆ ಒಂದು ಪ್ರಶ್ನೆಯೂ ಇಲ್ಲ. ಕಾಯ್ದೆಯ ದೊಡ್ಡ ಕೊರತೆ ಇದೇ.

ಈ ಕೊರತೆಯನ್ನು ಸ್ವಲ್ಪವಾದರೂ ತುಂಬಬಲ್ಲದ್ದು ಊರಲ್ಲೇ ಇರುವ ಒಂದು ಸಮಿತಿ, ಬಹುಪಾಲು ಜನ ಹೆಸರೂ ಕೇಳದ್ದು. 2002 ರ ಜೀವವೈವಿಧ್ಯ ಕಾಯ್ದೆಯ ಸೆಕ್ಷನ್ 41 ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕು. ಅದು ಊರಿನ ಗಿಡ, ಪ್ರಾಣಿ, ಹಕ್ಕಿ, ಕೆರೆ, ಬೀಜದ ತಳಿಗಳನ್ನೆಲ್ಲ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ಇದರ ಮೇಲೆ ಬೆಂಗಳೂರಿನ ಕರ್ನಾಟಕ ಜೀವವೈವಿಧ್ಯ ಮಂಡಳಿ, ಅದರ ಮೇಲೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ. ಎಷ್ಟೋ ಪಂಚಾಯಿತಿಗಳಲ್ಲಿ ಈ ಸಮಿತಿ ಕಾಗದದಲ್ಲಷ್ಟೇ ಇದೆ, ದಾಖಲಾತಿ ಯಾರೋ ಬರೆದುಕೊಟ್ಟ ನಕಲು ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಕೇಳಿ ಆ ಪುಸ್ತಕ ತೆಗೆಸಿ, ಯಾವ ಸರ್ವೆ ನಂಬರಿನ ಗಾಯರಾಣದಲ್ಲಿ ಚಿಗರಿ ಹಿಂಡಿದೆ ಎಂದು ಬರೆಸಿದರೆ ಅದು ಸರ್ಕಾರಿ ದಾಖಲೆಯಾಗುತ್ತದೆ. ನಾಳೆ ಆ ನೆಲ ಹಂಚುವ ಕಡತ ಬಂದಾಗ ‘ಇಲ್ಲಿ ಏನೂ ಇಲ್ಲ’ ಎನ್ನುವುದು ಕಷ್ಟವಾಗುತ್ತದೆ. ಇದೇ ಕಾಯ್ದೆಯಡಿ ಸರ್ಕಾರ ಜೀವವೈವಿಧ್ಯ ಪಾರಂಪರಿಕ ತಾಣಗಳನ್ನೂ ಘೋಷಿಸುತ್ತದೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007 ರಲ್ಲಿ ದೇಶದ ಮೊದಲ ಇಂಥ ತಾಣವಾಯಿತು.

ಖಾಸಗಿ ನೆಲಕ್ಕೂ ಒಂದು ದಾರಿಯಿದೆ: ಸೆಕ್ಷನ್ 36ಸಿ ಅಡಿಯ ಸಮುದಾಯ ಮೀಸಲು. ಊರಿನವರೋ ಒಬ್ಬ ವ್ಯಕ್ತಿಯೋ ಸ್ವಇಚ್ಛೆಯಿಂದ ಮುಂದೆ ಬಂದರೆ ಸರ್ಕಾರ ಘೋಷಿಸಬಹುದು, ಒಡೆತನ ಅವರಲ್ಲೇ ಉಳಿಯುತ್ತದೆ. ಘೋಷಣೆಯಾದ ಮೇಲೆ ನಿರ್ವಹಣಾ ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆ ಇಲ್ಲದೆ ಭೂಬಳಕೆ ಬದಲಿಸುವಂತಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು 2007 ರಲ್ಲಿ ಹೀಗೆ ಮೀಸಲಾಯಿತು. ಅಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಮನೆಗಳ ನಡುವಿನ ಮರಗಳಲ್ಲೇ. ಬೀಳು ಬಿದ್ದ ಎಕರೆಗಟ್ಟಲೆ ಜಮೀನಿರುವ ಮನೆತನಗಳು, ಕ್ಷೇತ್ರಗಳು, ಟ್ರಸ್ಟ್‌ಗಳು ನಮ್ಮ ಸಮಾಜದಲ್ಲೂ ಇವೆ. ಜೀವದಯೆಗೆಂದು ನೆಲ ಬಿಡುವ ಮನಸ್ಸಿದ್ದವರು ಈ ಸೆಕ್ಷನ್ ಓದಿಕೊಳ್ಳಬಹುದು.

ಒಂದು ಎಚ್ಚರಿಕೆ ಮಾತ್ರ ಬೇಕು. ಹುಲ್ಲುನೆಲ ಸಿಕ್ಕ ಕೂಡಲೇ ಸಸಿ ನೆಡುವ ಉತ್ಸಾಹ ಎಲ್ಲರಿಗೂ ಇದೆ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ಅಭಯಾರಣ್ಯದ ಬಯಲಿನಲ್ಲಿ ನೀಲಗಿರಿ ಬೆಳೆಸಿ, ಹುಲ್ಲುನೆಲದ ಜೀವಿಗಳ ಜಾಗ ಕುಗ್ಗಿತು. ಚಿಗರಿ ಬಯಲಲ್ಲಿ ಓಡಿ ಬದುಕುವ ಪ್ರಾಣಿ, ದಟ್ಟ ನೆರಳು ಅದಕ್ಕೆ ಬೇಡ.

ಕೆರೆಗಳ ಮಾತು ಚಿಕ್ಕದು. ಸಣ್ಣ ಕೆರೆ ಪಂಚಾಯಿತಿಯದು, ದೊಡ್ಡದು ಸಣ್ಣ ನೀರಾವರಿ ಇಲಾಖೆಯದು, ಒತ್ತುವರಿಯ ದೂರು ಕಂದಾಯ ಇಲಾಖೆಗೆ, ತೇವಪ್ರದೇಶವೆಂದು ಗುರುತಿಸುವ ಕೆಲಸ ರಾಜ್ಯ ತೇವಪ್ರದೇಶ ಪ್ರಾಧಿಕಾರದ್ದು. ಲಕ್ಷ್ಮೇಶ್ವರಕ್ಕೆ ಹತ್ತಿರದ ಮಾಗಡಿ ಕೆರೆಯೂ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೂ 2024 ರಲ್ಲಿ ರಾಮ್ಸರ್ ತಾಣಗಳಾದವು. ಪುಲಿಗೆರೆಯ ಶಂಖ ಬಸದಿಗೆ ಚಳಿಗಾಲದಲ್ಲಿ ಹೋಗುವ ಯಾತ್ರಿಕರು ಮಾಗಡಿಗೂ ಹೋಗಿ ಬಂದರೆ, ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಬಹುದು.

ಪಿಂಛಿ, ಮಠದ ಆನೆ, ಪಂಜರದ ಗಿಳಿ

ವನ್ಯಜೀವಿ ಕಾಯ್ದೆ ಜೈನ ಮನೆ, ಮಠಗಳನ್ನು ನೇರವಾಗಿ ಮುಟ್ಟುವ ಕೆಲವು ವಿಷಯಗಳಿವೆ. ದಿಗಂಬರ ಮುನಿಗಳ ಪಿಂಛಿ ಮೊದಲನೆಯದು. ನವಿಲು ಮೊದಲನೇ ಅನುಸೂಚಿಯಲ್ಲಿರುವಾಗ ಗರಿ ಇಟ್ಟುಕೊಳ್ಳುವುದು ಅಪರಾಧವೇ ಎಂಬ ಸಂಶಯ ಪಿಂಛಿ ಪರಿವರ್ತನೆಯ ಸಮಯದಲ್ಲಿ ಆಗಾಗ ಕೇಳಿಬರುತ್ತದೆ. ಅಲ್ಲ. ನವಿಲಿನ ಬಾಲದ ಗರಿ ಮತ್ತು ಅದರಿಂದ ಮಾಡಿದ ವಸ್ತುಗಳನ್ನು ಸೆಕ್ಷನ್ 43, 44 ಮತ್ತು 49ಎ ಸ್ಪಷ್ಟವಾಗಿ ನಿರ್ಬಂಧದಿಂದ ಹೊರಗಿಟ್ಟಿವೆ. ಆದರೆ ಈ ವಿನಾಯಿತಿ ಗರಿಗೆ ಮಾತ್ರ, ನವಿಲಿಗಲ್ಲ. ತಾನಾಗಿ ಉದುರಿದ ಗರಿಯಷ್ಟೇ ಸಲ್ಲುತ್ತದೆ. ನವಿಲನ್ನು ಹಿಡಿದು, ಕೊಂದು ಕಿತ್ತ ಗರಿಯ ಹಿಂದೆ ಬೇಟೆಯ ಅಪರಾಧವಿದೆ. ಕಿತ್ತ ಗರಿಯ ಬುಡದಲ್ಲಿ ರಕ್ತ, ಮಾಂಸದ ಗುರುತು ಉಳಿದಿರುತ್ತದೆ. ಪಿಂಛಿಗೆ ಗರಿ ಒದಗಿಸುವ ಶ್ರಾವಕರು ಸಂತೆಯ ಕಟ್ಟುಗಳಿಗಿಂತ ತೋಟ, ಹೊಲಗಳಲ್ಲಿ ಆಯ್ದ ಗರಿಯನ್ನೇ ನೆಚ್ಚುವುದು ವ್ರತಕ್ಕೂ ಕಾನೂನಿಗೂ ಸರಿ. ಗರಿಯನ್ನು ವಿದೇಶಕ್ಕೆ ಕಳಿಸುವುದಕ್ಕೆ ಮಾತ್ರ ನಿಷೇಧವಿದೆ.

ಮಠದ ಆನೆಯ ವಿಷಯ 2025 ರಲ್ಲಿ ಬೆಳಗಾವಿ ಭಾಗದ ಜೈನ ಕುಟುಂಬಗಳನ್ನೂ ಕಲಕಿತು. ಕೊಲ್ಹಾಪುರ ಜಿಲ್ಲೆಯ ನಾಂದಣಿ ಮಠದಲ್ಲಿ 1992 ರಿಂದ ಇದ್ದ ಮಹಾದೇವಿ ಆನೆಯನ್ನು ಜಾಮ್‌ನಗರಕ್ಕೆ ಕಳಿಸಬೇಕೆಂಬ ಆದೇಶವನ್ನು ಬಾಂಬೆ ಹೈಕೋರ್ಟ್ ಜುಲೈ 16 ರಂದು ಎತ್ತಿಹಿಡಿಯಿತು. ಜುಲೈ 28 ರಂದು ಸುಪ್ರೀಂ ಕೋರ್ಟ್ ಮಠದ ಮೇಲ್ಮನವಿಯನ್ನು ತಳ್ಳಿಹಾಕಿತು. ಊರಿಗೆ ಊರೇ ಕಣ್ಣೀರಿಟ್ಟು ಆನೆಯನ್ನು ಕಳಿಸಿದ ದೃಶ್ಯ ಎಲ್ಲರೂ ನೋಡಿದ್ದಾರೆ. ಆ ಆದೇಶ ಮೊದಲು ಬಂದದ್ದು ಅರಣ್ಯ ಇಲಾಖೆಯಿಂದಲ್ಲ. ನಿವೃತ್ತ ನ್ಯಾಯಮೂರ್ತಿ ದೀಪಕ್ ವರ್ಮಾ ಅವರ ಉನ್ನತಾಧಿಕಾರ ಸಮಿತಿಯಿಂದ. ನ್ಯಾಯಾಲಯವೇ ರಚಿಸಿದ ಈ ಸಮಿತಿಯ ವ್ಯಾಪ್ತಿಯನ್ನು 2023 ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ವಿಸ್ತರಿಸಿತ್ತು. ಆನೆಯ ಮಾಲೀಕತ್ವದ ಪ್ರಮಾಣಪತ್ರ ಕೊಡುವುದು ಆಯಾ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು. ಧಾರ್ಮಿಕ ಉದ್ದೇಶಕ್ಕೆ ಆನೆಯನ್ನು ಸಾಗಿಸಲು 2022 ರ ತಿದ್ದುಪಡಿ ಅವಕಾಶ ಕೊಟ್ಟಿದ್ದರೂ ಆ ಪ್ರಮಾಣಪತ್ರ ಇರಲೇಬೇಕು. ಆನೆ ಇರುವ ಯಾವುದೇ ಕ್ಷೇತ್ರ ಪ್ರಮಾಣಪತ್ರ, ಪಶುವೈದ್ಯರ ತಪಾಸಣಾ ದಾಖಲೆ, ಸಾಗಣೆ ಅನುಮತಿಗಳನ್ನು ಒಂದೇ ಕಡತದಲ್ಲಿ ಇಡುವುದು ಲೇಸು. ಭಕ್ತಿ ಎಷ್ಟೇ ಇದ್ದರೂ ನ್ಯಾಯಾಲಯ ನೋಡುವುದು ಆನೆಯ ಕಾಲಿನ ಗಾಯ ಮತ್ತು ಕಾಗದ.

ಪರ್ಯೂಷಣದಲ್ಲಿ, ಹುಟ್ಟುಹಬ್ಬದಲ್ಲಿ ಪಂಜರದ ಗಿಳಿ ಕೊಂಡು ಹಾರಿಬಿಡುವ ರೂಢಿಯೂ ಕೆಲವೆಡೆ ಇದೆ. ನಮ್ಮ ಗಿಳಿಗಳು ಕಾಯ್ದೆಯ ಪಟ್ಟಿಯಲ್ಲಿರುವ ಕಾಡುಹಕ್ಕಿಗಳು, ಮಾರುವುದೂ ಕೊಳ್ಳುವುದೂ ತಪ್ಪು. ಕೊಂಡ ಪ್ರತಿ ಗಿಳಿಗೂ ಬಲೆ ಹಾಕುವವನಿಗೆ ಇನ್ನೊಂದು ಗಿಳಿಯ ಬೇಡಿಕೆ ಕೊಟ್ಟಂತಾಗುತ್ತದೆ. ಮಾರುವ ಜಾಗ ತಿಳಿದರೆ ಅರಣ್ಯ ಇಲಾಖೆಗೆ ತಿಳಿಸಿದಾಗಲೇ ಅಭಯದಾನ ಪೂರ್ತಿಯಾಗುತ್ತದೆ. ಅದೃಷ್ಟದ ಹೆಸರಿನಲ್ಲಿ ಮನೆಗೆ ಬರುವ ನಕ್ಷತ್ರ ಆಮೆಗೂ ಇದೇ ನಿಯಮ, ಅದಂತೂ ಮೊದಲನೇ ಅನುಸೂಚಿಯದು.

ದನ, ಕುರಿ, ಬೀದಿನಾಯಿಗಳ ಮೇಲಿನ ಹಿಂಸೆ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ 1960 ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ, ಪೊಲೀಸ್ ಠಾಣೆ ಮತ್ತು ಪಶುಸಂಗೋಪನಾ ಇಲಾಖೆ ಇವೆ, ದೇಶದ ಮಟ್ಟದಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇದೆ. ಗೋಶಾಲೆ ನಡೆಸುವವರ ಪತ್ರ ಅರಣ್ಯ ಭವನಕ್ಕೆ ಹೋದರೆ ಅದು ಮರಳಿ ಬರುತ್ತದೆ.

ದೂರು ಕೊಟ್ಟರೂ ಏನೂ ಆಗದಿದ್ದರೆ

ತುರ್ತಿಗೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಬೇಟೆ ಅಥವಾ ಸಾಗಣೆ ಕಣ್ಣೆದುರಿಗೇ ನಡೆಯುತ್ತಿದ್ದರೆ ಪೊಲೀಸರಿಗೂ ಕರೆ ಮಾಡಬಹುದು. ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗೆ ಈ ಕಾಯ್ದೆಯಡಿ ತಪಾಸಣೆ, ಬಂಧನದ ಅಧಿಕಾರವಿದೆ. ಅಂತರರಾಜ್ಯ ಜಾಲಗಳಿಗಾಗಿ ಕೇಂದ್ರದ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ಇದೆ.

ಅರಣ್ಯಾಧಿಕಾರಿಗಳು ಕೇಳದಿದ್ದಾಗಿನ ದಾರಿ ಸೆಕ್ಷನ್ 55 ರಲ್ಲಿದೆ. ಯಾವ ನಾಗರಿಕನಾದರೂ ನಡೆದ ಅಪರಾಧದ ಬಗ್ಗೆ ಸರ್ಕಾರಕ್ಕೋ ಅದು ಅಧಿಕಾರ ಕೊಟ್ಟ ಅಧಿಕಾರಿಗೋ 60 ದಿನಗಳ ನೋಟಿಸ್ ಕೊಟ್ಟು, ಬಳಿಕ ತಾನೇ ನ್ಯಾಯಾಲಯದಲ್ಲಿ ಖಾಸಗಿ ದೂರು ಹೂಡಬಹುದು. ಹೆಚ್ಚು ಜನ ಬಳಸದ ಹಕ್ಕು ಇದು. ಹಸಿರು ನ್ಯಾಯಮಂಡಳಿಗೆ ಹೋಗೋಣ ಎನ್ನುವವರು ಒಂದು ವಿಷಯ ಗಮನಿಸಬೇಕು: 2010 ರ ಆ ಕಾಯ್ದೆಯ ಪಟ್ಟಿಯಲ್ಲಿ ಜಲ, ವಾಯು, ಅರಣ್ಯ ಸಂರಕ್ಷಣೆ, ಪರಿಸರ, ಜೀವವೈವಿಧ್ಯ ಕಾನೂನುಗಳಿವೆ, ವನ್ಯಜೀವಿ ಕಾಯ್ದೆ ಇಲ್ಲ. ಕಾರ್ಖಾನೆಯ ಹೊಗೆಯಿಂದ ಹೊಲ ಕಪ್ಪಾದರೆ ಚೆನ್ನೈ ಪೀಠಕ್ಕೆ ಹೋಗಬಹುದು. ವನ್ಯಜೀವಿ ಮಂಡಳಿಯ ನಿರ್ಧಾರವನ್ನು ಪ್ರಶ್ನಿಸಬೇಕಾದರೆ ಹೈಕೋರ್ಟೇ ಗತಿ. ಕೊಪ್ಪಳ ಜಿಲ್ಲೆಗೆ ಅದು ಧಾರವಾಡದ ಪೀಠ.

ಯಾವ ಕಚೇರಿಗೆ ಬರೆದರೂ ಅರ್ಜಿಯಲ್ಲಿ ದಿನಾಂಕ, ಊರು, ಸರ್ವೆ ನಂಬರು, ಕಂಡ ಪ್ರಾಣಿ, ಎಷ್ಟು ಇದ್ದವು ಎಂಬಿಷ್ಟು ಇರಲಿ, ಮೊಬೈಲಿನ ಒಂದು ಚಿತ್ರ ಜೊತೆಗಿರಲಿ. ಸ್ವೀಕೃತಿ ಸಹಿ ಪಡೆದ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು. ನೆಲದ ವಿಷಯವಾದರೆ ಒಂದು ಪ್ರತಿ ಡಿಸಿಎಫ್‌ಗೆ, ಇನ್ನೊಂದು ಜಿಲ್ಲಾಧಿಕಾರಿಗೆ, ಮೂರನೆಯದು ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೆ. ಮೂರೂ ಒಂದೇ ದಿನ ಹೋದರೆ ‘ನಮ್ಮದಲ್ಲ, ಅವರದು’ ಎಂಬ ಉತ್ತರ ಬರುವುದಕ್ಕೆ ಮೊದಲೇ ‘ಅವರ’ ಕೈಗೂ ಕಾಗದ ತಲುಪಿರುತ್ತದೆ.